ಒಣದ್ರಾಕ್ಷಿ ಬ್ರೆಡ್ಡಿನ ತುದಿಗಳು

ಮಾರ್ಚ್ 2, ಸೋಮವಾರ

ಎಣಿಸುವಾಕೆ ಬೆಳಗಿನ ದೋಣಿಯಲ್ಲಿ ಬಂದಳು. ವನ್ಯಜೀವಿ ಇಲಾಖೆಯವಳು. ಮೂರು ವರ್ಷಕ್ಕೊಮ್ಮೆ ನಮ್ಮ ದ್ವೀಪದ ಓಡುಹಕ್ಕಿಗಳ ಗೂಡು, ಮೊಟ್ಟೆ, ಮರಿ ಎಣಿಸಲು ಇಲಾಖೆಯಿಂದ ಯಾರಾದರೊಬ್ಬರು ಬರುತ್ತಾರೆ. ಕಳೆದ ಸಲ ಬಂದಿದ್ದ ಹಿರಿಯರು ಮೂರು ದಿನ ಈಜುಕೊಳದ ಪಕ್ಕ ಕಾಲು ಚಾಚಿ ಮಲಗಿದ್ದು, ನಾನು ಹೇಳಿದ ಸಂಖ್ಯೆ ಬರೆದುಕೊಂಡು ಹೋಗಿದ್ದರು. ಇವಳು ಆ ಪೈಕಿ ಅಲ್ಲ. ಇಳಿದವಳೇ ಪೊದೆ ಯಾವ ಕಡೆ ಎಂದು ಕೇಳಿದಳು. ಸ್ವಾಗತದವಳು ಅತಿಥಿ ಎಂದುಕೊಂಡು ಅವಳ ಮಣಿಕಟ್ಟಿಗೆ ಹಸಿರು ಪಟ್ಟಿ ಬಿಗಿದುಬಿಟ್ಟಳು. ಆ ಪಟ್ಟಿ ಇದ್ದವರಿಗೆ ನಮ್ಮ ರೆಸಾರ್ಟಿನಲ್ಲಿ ಊಟ, ಪಾನೀಯ, ದೋಣಿ, ಛತ್ರಿ ಎಲ್ಲವೂ ಸೇರಿದ ಲೆಕ್ಕ. ಅವಳು ಅದನ್ನು ಬಿಚ್ಚಲೂ ಇಲ್ಲ, ಬಳಸಲೂ ಇಲ್ಲ. ಮಧ್ಯಾಹ್ನ ತನ್ನ ಚೀಲದಿಂದ ಎರಡು ಸೇಬು ತೆಗೆದು ತಿಂದಳು.

ಬೆಳಗ್ಗೆ ಎಂಟಕ್ಕೆ ಅತಿಥಿಗಳಿಗೆ ಹಕ್ಕಿ ತೋರಿಸಲು ನಾನು ಕರೆದೊಯ್ಯುವ ನಡಿಗೆಗೆ ಇವತ್ತು ಹನ್ನೆರಡು ಮಂದಿ. ಎಂದಿನ ಭಾಷಣ ಮಾಡಿದೆ. ಬೇರೆಲ್ಲೂ ಇಲ್ಲದ ಹಕ್ಕಿ, ರೆಕ್ಕೆ ಇದ್ದೂ ಹಾರಲಾರದು, ದಯವಿಟ್ಟು ಯಾರೂ ಅದಕ್ಕೆ ಏನನ್ನೂ ತಿನ್ನಲು ಹಾಕಬೇಡಿ. ಭಾಷಣ ಮುಗಿಯುವ ಹೊತ್ತಿಗೆ ಹೆಡ್ಮಿಸ್ಸು ಪೊದೆಯಿಂದ ಹೊರಬಂದಳು. ಬಿಳಿ ಹುಬ್ಬಿನ ದೊಡ್ಡ ಹೆಣ್ಣು ಹಕ್ಕಿಗೆ ನಾನೇ ಇಟ್ಟ ಹೆಸರದು. ತಡವಾಗಿ ಬಂದ ಮಕ್ಕಳನ್ನು ನೋಡುವ ಹಾಗೆ ಎಲ್ಲರನ್ನೂ ಒಂದು ಸುತ್ತು ನೋಡಿ, ನನ್ನ ಚಪ್ಪಲಿಯ ಪಕ್ಕ ನಿಂತಳು. ಹುಲ್ಲಿನ ಟೊಪ್ಪಿಯವನೊಬ್ಬ, "ಇದೂ ಪ್ಯಾಕೇಜಲ್ಲಿ ಸೇರಿದೆ ಅಲ್ವಾ?" ಎಂದ. "ನೋಡೋದು ಸೇರಿದೆ ಸಾರ್. ಮುಟ್ಟೋದು ಸೇರಿಲ್ಲ," ಎಂದೆ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ನಡಿಗೆಗೆ ಮುಂಚೆ ಪೊದೆಯ ಬುಡಕ್ಕೆ ಒಂದು ಚಿಟಿಕೆ ಬ್ರೆಡ್ಡಿನ ಪುಡಿ ಉದುರಿಸುತ್ತೇನೆ. ದಿನಾ ಅಲ್ಲ. ಅದನ್ನು ತಿನ್ನಿಸುವುದು ಎಂದು ಕರೆಯಲಾಗದು, ಬಾಗಿಲು ತಟ್ಟಿದ ಹಾಗೆ ಅಷ್ಟೇ. ಬೇರೆ ದ್ವೀಪಗಳಲ್ಲಿ ಗೈಡುಗಳು ಏನೇನು ಮಾಡುತ್ತಾರೋ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಇದನ್ನು ಎಣಿಸುವಾಕೆಗೆ ಹೇಳುವ ಅಗತ್ಯ ಕಾಣಲಿಲ್ಲ.

ಮಾರ್ಚ್ 5, ಗುರುವಾರ

ಅವಳು ಎಣಿಸಿ ಮುಗಿಸಿದಳು. ರೆಸಾರ್ಟ್ ಇಲ್ಲದ ಆಚೆ ಬದಿಯಲ್ಲಿ ಏಳು ಗೂಡು, ಹದಿಮೂರು ಮರಿ. ನನ್ನ ನಡಿಗೆಯ ದಾರಿಯ ಎರಡೂ ಬದಿಗೆ ಹತ್ತು ಗೂಡು, ಒಂದೂ ಮರಿ ಇಲ್ಲ.

ಹತ್ತೂ ಗೂಡನ್ನು ನನಗೆ ತೋರಿಸಿದಳು. ಮೊಟ್ಟೆಯ ಚಿಪ್ಪಿನ ಚೂರು, ಸುತ್ತ ಏಡಿಯ ಹೆಜ್ಜೆ. "ಏಡಿ ತಿಂದಿದೆ. ಆದ್ರೆ ಕೂತಿರೋ ಹಕ್ಕಿ ಹತ್ರ ಏಡಿ ಬರಲ್ಲ, ಕುಕ್ಕಿ ಓಡಿಸ್ತವೆ. ಗಂಡು ಮೇಯೋಕೆ ಹೋದಾಗ ಹೆಣ್ಣು ಕೂರುತ್ತೆ, ಹೆಣ್ಣು ಹೋದಾಗ ಗಂಡು. ಗೂಡು ಖಾಲಿ ಬಿಡೋ ಜಾತಿ ಅಲ್ಲ ಇದು. ಇಲ್ಲಿ ಮಾತ್ರ ಯಾಕೆ ಎದ್ದು ಹೋಗ್ತಿವೆ?" ಎಂದಳು.

ಈ ವರ್ಷ ಬಿಸಿಲು ಹೆಚ್ಚು ಎಂದೆ. ಏಡಿಗಳೂ ವಿಪರೀತ ಎಂದೆ. ಅವಳು ಎರಡನ್ನೂ ಬರೆದುಕೊಂಡಳು.

ಮಾರ್ಚ್ 6, ಶುಕ್ರವಾರ

ಇವತ್ತು ಏನೂ ಹಾಕಲಿಲ್ಲ. ಆದರೂ ಬಂದವು, ಒಂಬತ್ತು ಹಕ್ಕಿ. ನಾನು ಜೇಬಿನಿಂದ ಕರವಸ್ತ್ರ ತೆಗೆದರೂ ಕತ್ತು ಚಾಚಿದವು. ಅತಿಥಿಗಳಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಎಲ್ಲರೆದುರು ಸೆರಗು ಜಾರಿದಂತಾಯಿತು.

ಮಾರ್ಚ್ 9, ಸೋಮವಾರ

ಹಕ್ಕಿಯ ಹಿಕ್ಕೆಯಲ್ಲಿ ಎಣಿಸುವಾಕೆಗೆ ಒಣದ್ರಾಕ್ಷಿಯ ಸಿಪ್ಪೆ ಸಿಕ್ಕಿದೆ. ಸಣ್ಣ ಡಬ್ಬಿಗಳಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ, ಮ್ಯಾನೇಜರ ಮೇಜಿನ ಮೇಲೆ ಸಾಲಾಗಿ ಇಟ್ಟಳಂತೆ. ಮ್ಯಾನೇಜರು ಆಗಷ್ಟೇ ತಿಂಡಿಗೆ ಕೂತಿದ್ದರಂತೆ.

ದ್ವೀಪದಲ್ಲಿ ಒಣದ್ರಾಕ್ಷಿ ಇರುವುದು ಒಂದೇ ಕಡೆ, ಬೇಕರಿಯಲ್ಲಿ. ಒಣದ್ರಾಕ್ಷಿ ಬ್ರೆಡ್ಡು ಮಾಡುವವನು ಒಬ್ಬನೇ, ನನ್ನ ಮೈದುನ. ಉದ್ದನೆಯ ಬ್ರೆಡ್ಡಿನ ಎರಡು ತುದಿಗಳನ್ನು ಅತಿಥಿಗಳ ಮೇಜಿಗೆ ಕಳಿಸುವುದಿಲ್ಲ, ನೋಡಲು ಚೆಂದವಿಲ್ಲ ಎಂದು ಕತ್ತರಿಸಿ ಬದಿಗಿಡುತ್ತಾರೆ. ನಾನು ಒಮ್ಮೆ, ತುದಿ ಎಂದರೆ ನನಗೆ ಪ್ರಾಣ ಎಂದಿದ್ದೆ. ಅಂದಿನಿಂದ ದಿನ ಬೆಳಗ್ಗೆ ಆರೂವರೆಗೆ ಎರಡು ತುದಿಗಳನ್ನು ಕಾಗದದಲ್ಲಿ ಸುತ್ತಿ ಬೇಕರಿಯ ಕಿಟಕಿಯಲ್ಲಿ ಇಟ್ಟಿರುತ್ತಾನೆ. ಅತ್ತಿಗೆಯ ತಿಂಡಿ ಎಂದು.

ಸರಿ, ಇಲ್ಲಿ ಬರೆದರೆ ಯಾರೂ ಓದುವುದಿಲ್ಲ. ಚಿಟಿಕೆ ಅಲ್ಲ, ಎರಡು ತುದಿ. ಶುರುವಾದದ್ದು ನನ್ನಿಂದಲೂ ಅಲ್ಲ. ಒಂಬತ್ತು ದಿನ ಸತತವಾಗಿ ಹಕ್ಕಿ ಕಾಣದೆ ಅತಿಥಿಗಳು ದೂರು ಬರೆದಿದ್ದರು. ಹೀಗೇ ಆದರೆ ನಡಿಗೆ ನಿಲ್ಲಿಸಿ ನಿಮ್ಮನ್ನು ಟವೆಲ್ ಕೌಂಟರಿಗೆ ಹಾಕುತ್ತೇನೆ ಎಂದು ಮ್ಯಾನೇಜರು ಹೇಳಿದ್ದರು. ನಾನಾದರೂ ಏನು ಮಾಡಬೇಕಿತ್ತು? ಗಂಡ ಹೋಗಿ ವರ್ಷವಾಗಿತ್ತು. ಮೈದುನ ಯಾರ್ಯಾರ ಕೈಕಾಲು ಹಿಡಿದು ಕೊಡಿಸಿದ ಕೆಲಸ. ಎರಡು ಚೂರು ಬ್ರೆಡ್ಡಿನಿಂದ ಅದು ಉಳಿಯುವುದಾದರೆ ಯಾರು ಬಿಡುತ್ತಿದ್ದರು?

ಹಕ್ಕಿಗಳು ಕಾಗದದ ಸದ್ದು ಕೇಳಿದರೆ ಗೂಡು ಬಿಟ್ಟು ಎದ್ದು ಬರುತ್ತವೆ. ಬರುವುದಕ್ಕೆ ಅನುಕೂಲವಾಗಲೆಂದು ದಾರಿಯ ಪಕ್ಕದಲ್ಲೇ ಗೂಡು ಮಾಡಿಕೊಂಡಿವೆ. ಅವಳು ಕೇಳಿದ ಪ್ರಶ್ನೆಗೆ ಇದೇ ಉತ್ತರ. ಗೊತ್ತಿರುವುದು ನನಗೊಬ್ಬಳಿಗೇ.

ಮಾರ್ಚ್ 11, ಬುಧವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಮೂರಕ್ಕೆ ಸಿಬ್ಬಂದಿಯ ಊಟದ ಕೋಣೆಯಲ್ಲಿ ಸಭೆ. ಅಡುಗೆಯವರು, ತೋಟದವರು, ಬಟ್ಟೆ ಒಗೆಯುವವರು, ಎಲ್ಲರೂ ಇದ್ದರು. ಮ್ಯಾನೇಜರು ಮೊದಲು ನನ್ನನ್ನೇ ಎಬ್ಬಿಸಿದರು. "ಹಕ್ಕಿ ವಿಷಯದಲ್ಲಿ ನಮ್ಮಲ್ಲಿ ತಿಳಿದೋರು ನೀವೇ. ಬ್ರೆಡ್ ತಿಂದ್ರೆ ಏನಾಗುತ್ತೆ ಅಂತ ಇವರಿಗೆಲ್ಲ ಅರ್ಥ ಆಗೋ ಹಾಗೆ ಹೇಳಿ," ಎಂದರು. ನಾನು ಎದ್ದು ನಿಂತು ಹೇಳಿದೆ. ಮನುಷ್ಯರ ಭಯ ಹೋಗುತ್ತದೆ, ಗೂಡು ಬಿಡುತ್ತವೆ, ಮೊಟ್ಟೆ ಉಳಿಯುವುದಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಎಣಿಸುವಾಕೆ ತಲೆದೂಗಿದಳು.

ಆಮೇಲೆ ಮೈದುನನ ಸರದಿ. ಉಳಿದದ್ದನ್ನು ಹೊರಗೆ ಚೆಲ್ಲುತ್ತೀಯಾ ಎಂದು ಕೇಳಿದರು. ಇಲ್ಲ ಎಂದ. ಬೇಕರಿಯ ಹಿಂಬಾಗಿಲು ಪೊದೆಯ ಕಡೆಗೇ ತೆರೆಯುತ್ತದಲ್ಲ ಎಂದರು. ಹೌದು ಎಂದ.

"ಹಾಗಾದ್ರೆ ದಿನಾ ಕತ್ತರಿಸಿದ ತುದಿ ಎಲ್ಲಿಗೆ ಹೋಗುತ್ತೆ?"

ಅವನು ನನ್ನನ್ನು ನೋಡಿದ. ಒಂದೇ ಕ್ಷಣ. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಯಿತು. ಅವನಿಗೆ ಅರ್ಥವಾದದ್ದು ನನಗೂ ಗೊತ್ತಾಯಿತು. ಆಮೇಲೆ ನೆಲ ನೋಡುತ್ತಾ, "ನಾನೇ ತಿಂತೀನಿ," ಎಂದ.

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಹತ್ತು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ತಾನು ಮಾಡಿದ ಕೇಕನ್ನು ತಾನೇ ರುಚಿ ನೋಡದೆ ಬೇರೆಯವರ ಮುಖ ನೋಡಿ ಹದ ತಿಳಿಯುವವನು ಅವನು. ದ್ವೀಪಕ್ಕೆಲ್ಲ ಗೊತ್ತಿರುವ ವಿಷಯ. ಇಷ್ಟು ಹಸಿ ಸುಳ್ಳು ಹೇಳುತ್ತಾನೆಂದರೆ ಕಳ್ಳ ಇವನೇ ಎಂದು ಎಲ್ಲರೂ ತೀರ್ಮಾನಿಸಿದರು. ಇಪ್ಪತ್ತೆಂಟರ ಸಾಮಾನಿನ ಹಡಗಿಗೆ ಮೈದುನ, ಅವನ ಹೆಂಡತಿ ಇಬ್ಬರೂ ದ್ವೀಪ ಬಿಟ್ಟು ಹೊರಡಬೇಕೆಂದರು ಮ್ಯಾನೇಜರು. ಅಲ್ಲಿವರೆಗೆ ಬೇಕರಿಗೆ ಕಾಲಿಡಬಾರದು.

ಸಭೆ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವಾಗ ನಾನೂ ಕೈ ಹಾಕಿದೆ.

ಮಾರ್ಚ್ 12, ಗುರುವಾರ

ಹೇಳಲಿಲ್ಲ.

ಮಾರ್ಚ್ 13, ಶುಕ್ರವಾರ

ಹೇಳಲಿಲ್ಲ. ಬೇಕರಿಯ ಕಿಟಕಿ ಮುಚ್ಚಿದೆ. ಬದಲಿಗೆ ಬಂದವನು ಮಾಡಿದ ಬ್ರೆಡ್ಡು ಇಟ್ಟಿಗೆ. ಅತಿಥಿಗಳು ಒಂದು ತುಂಡು ಕಚ್ಚಿ ಬಿಡುತ್ತಿದ್ದಾರೆ.

ಮಾರ್ಚ್ 15, ಭಾನುವಾರ

ಓರಗಿತ್ತಿ ನನ್ನ ಕೋಣೆಗೆ ಬಂದಳು. ಅವಳು ಬಟ್ಟೆ ವಿಭಾಗದವಳು. ಅತಿಥಿಗಳ ಹಾಸಿಗೆಯ ಮೇಲೆ ಟವೆಲನ್ನು ಮಡಚಿ ಹಂಸ ಮಾಡಿಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕೂತವಳು ಸುಮ್ಮನಿರಲಾರದೆ ನನ್ನ ಟವೆಲನ್ನು ಮಡಚಲು ಶುರುಮಾಡಿದಳು.

"ಅಕ್ಕ, ಇವ್ರು ಬಾಯೇ ಬಿಡ್ತಿಲ್ಲ. 'ನೀವು ತಿಂದಿಲ್ಲ ಅಂತ ನಂಗೊತ್ತು, ಹಾಕಿಲ್ಲ ಅಂತನೂ ಗೊತ್ತು, ಮತ್ಯಾಕೆ ಆ ಮಾತು ಅಂದ್ರಿ' ಅಂತ ಇವ್ರನ್ನ ಕೇಳಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಐವತ್ತನಾಲ್ಕು ವರ್ಷದವರನ್ನ ಇನ್ನೆಲ್ಲಿ ಸೇರಿಸ್ಕೊಳ್ತಾರೆ? ನಿಮ್ಮ ಮಾತಿಗೆ ಇಲ್ಲಿ ಬೆಲೆ ಇದೆ. ಮ್ಯಾನೇಜರ ಹತ್ರ ಒಂದು ಮಾತು ಆಡಿ ಅಕ್ಕ."

ಆಡುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ನನ್ನ ಅಳು ನೋಡಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. ಇದಕ್ಕಿಂತ ನೀಚತನ ಇನ್ನೇನಿದೆ?

ಹೋಗಿ ಆಡಿದೆ. ಏನೆಂದು ಎಂದರೆ, ಒಳ್ಳೆಯ ಮನುಷ್ಯ, ಒಮ್ಮೆ ಕ್ಷಮಿಸಿ, ಇನ್ನು ಮುಂದೆ ಮಾಡುವುದಿಲ್ಲ ಎಂದು. ಅವನು ಮಾಡಿದ್ದೇ ನಿಜ ಎಂಬಂತೆ. ಮ್ಯಾನೇಜರು, "ನಿಮ್ಮದು ದೊಡ್ಡ ಮನಸ್ಸು. ಸ್ವಂತ ಮೈದುನ ಅಂತ ಮುಚ್ಚಿಡದೆ ಸಭೆಯಲ್ಲಿ ಹಾಗೆ ನೇರವಾಗಿ ಮಾತಾಡಿದ್ರಲ್ಲ, ಎಷ್ಟು ಜನಕ್ಕೆ ಬರುತ್ತೆ ಆ ಧೈರ್ಯ," ಎಂದರು. ಇಲಾಖೆಯ ಕಣ್ಣಿಗೆ ಚೆನ್ನಾಗಿ ಕಾಣಬೇಕೆಂದು ಹೊಸ ಕಿರುಹೊತ್ತಿಗೆಯ ಮುಖಪುಟಕ್ಕೆ ನನ್ನ ಫೋಟೋ ಹಾಕುತ್ತಾರಂತೆ. ಕಾಲ ಬಳಿ ಹಕ್ಕಿ ನಿಂತಿರಬೇಕಂತೆ. ನಾನು ಥ್ಯಾಂಕ್ಸ್ ಸಾರ್ ಎಂದೆ.

ಮಾರ್ಚ್ 19, ಗುರುವಾರ

ಫೋಟೋ ತೆಗೆದರು. ಹಕ್ಕಿಗಳನ್ನು ಕರೆಯಬೇಕಾಗಲೇ ಇಲ್ಲ. ನಾನು ನಿಂತದ್ದೇ ತಡ, ನಾಲ್ಕೈದು ಬಂದು ಸುತ್ತುವರಿದವು. ಫೋಟೋದವನು, "ಮೇಡಂ, ಹಕ್ಕಿಗಳಿಗೆ ನಿಮ್ಮನ್ನ ಕಂಡ್ರೆ ಎಷ್ಟು ಪ್ರೀತಿ," ಎಂದ. ನೋಡುತ್ತಿದ್ದ ಅತಿಥಿಗಳು ಚಪ್ಪಾಳೆ ತಟ್ಟಿದರು.

ಆ ಸದ್ದು ಕೇಳಿ ಮೈ ಬೆಚ್ಚಗಾಯಿತು. ಇವತ್ತೂ. ಇಷ್ಟೆಲ್ಲ ಆದ ಮೇಲೂ. ಟವೆಲ್ ಕೌಂಟರಿನ ಹೆದರಿಕೆ ಮೊದಲ ತಿಂಗಳಿಗಷ್ಟೇ ನಿಜ. ಆಮೇಲೆ ಮ್ಯಾನೇಜರು ನಡಿಗೆ ನಿಲ್ಲಿಸುವ ಮಾತನ್ನೇ ಎತ್ತಲಿಲ್ಲ. ನಾನು ನಿಲ್ಲಿಸಬಹುದಿತ್ತು. ಎರಡು ದಿನಕ್ಕೊಮ್ಮೆ ಹಕ್ಕಿ ಕಂಡರೂ ಸಾಕಿತ್ತು. ನನಗೇ ದಿನಾ ಬೇಕಿತ್ತು ಆ ಚಪ್ಪಾಳೆ. ಗಂಡ ಹೋದ ಮೇಲೆ ನನ್ನನ್ನು ಕಂಡು ಯಾರಾದರೂ ಓಡಿ ಬಂದದ್ದು ಎಂದರೆ ಈ ಹಕ್ಕಿಗಳೇ. ಜನ ಹೆಚ್ಚಿದ್ದ ದಿನ ತುದಿ ಸಾಲದೆಂದು ಉಪಾಹಾರದ ಮೇಜಿನಿಂದ ಇಡೀ ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು ಹೋದದ್ದೂ ಉಂಟು.

ಫೋಟೋ ನೋಡಿದೆ. ತುಂಬಾ ಚೆನ್ನಾಗಿ ಬಂದಿದೆ.

ಮಾರ್ಚ್ 23, ಸೋಮವಾರ

ಹೆಡ್ಮಿಸ್ಸು ಮತ್ತೆ ಮೊಟ್ಟೆಯಿಟ್ಟಿದ್ದಾಳೆ. ಒಂದೇ ಒಂದು. ಬಟ್ಟೆ ಒಣಗಿಸುವ ಹಗ್ಗಗಳ ಹಿಂದಿನ ಪೊದೆಯಲ್ಲಿ. ಮೊದಲ ಮೊಟ್ಟೆ ಹೋದಾಗ ಹೀಗೆ ಅಪರೂಪಕ್ಕೆ ಇನ್ನೊಂದು ಇಡುತ್ತವಂತೆ. ಈ ಬದಿಯಲ್ಲಿ ಈ ವರ್ಷ ಇರುವುದು ಅದೊಂದೇ. ಎಣಿಸುವಾಕೆ ಹಿಂತಿರುಗುವ ದಿನವನ್ನು ಮುಂದೂಡಿದ್ದಾಳೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಬಟ್ಟೆಯ ಮರೆ ಕಟ್ಟಿ, ಹಗಲೆಲ್ಲ ಸರದಿಯ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕೆಂದು ಹೇಳಿದಳು.

"ನಾಳೆ ಎಂಟರಿಂದ ನೀವು ಕೂತ್ಕೊಳ್ಳಿ. ನಿಮ್ಮಷ್ಟು ಪರಿಚಯ ಬೇರೆ ಯಾರಿಗೂ ಇಲ್ವಲ್ಲ," ಎಂದಳು.

ಇಲ್ಲ ಎನ್ನಲು ಒಂದು ಕಾರಣ ಬೇಕು. ಇದ್ದದ್ದು ಒಂದೇ ಕಾರಣ. ಆಗಲಿ ಎಂದೆ.

ಮಾರ್ಚ್ 24, ಮಂಗಳವಾರ

ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಹೋಗಿ ಮರೆಯ ಹಿಂದೆ ಕೂತೆ. ಚಪ್ಪಲಿ ಬಿಚ್ಚಿದ್ದೆ. ಕಾಗದ, ಕರವಸ್ತ್ರ ಏನೂ ಇಟ್ಟುಕೊಂಡಿರಲಿಲ್ಲ. ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಹೆಡ್ಮಿಸ್ಸು ಮೊಟ್ಟೆಯ ಮೇಲೆ ರೊಟ್ಟಿ ತಟ್ಟಿದ ಹಾಗೆ ಹರಡಿಕೊಂಡು ಕೂತಿದ್ದಳು. ಗಂಡು ಮೇಯಲು ಹೋಗಿತ್ತು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವಳು ತಲೆ ಎತ್ತಿದಳು. ಬಟ್ಟೆಯ ಕೆಳಗೆ ನನ್ನ ಪಾದ ಕಂಡಿರಬೇಕು. ಎದ್ದಳು. ನೇರ ನನ್ನ ಕಡೆಗೆ ಓಡಿ ಬಂದಳು, ನಾಲ್ಕು ವರ್ಷದಿಂದ ಬರುವ ಹಾಗೆ. ಬಟ್ಟೆಯಡಿಯಿಂದ ಕತ್ತು ತೂರಿಸಿ ನನ್ನ ಹೆಬ್ಬೆರಳನ್ನು ಮೆಲ್ಲಗೆ ಕುಕ್ಕಿದಳು. ಹೋಗೇ, ಹೋಗೇ ಎಂದು ಪಿಸುಗುಟ್ಟಿದೆ. ನನ್ನ ದನಿ ಅವಳಿಗೆ ಇನ್ನಷ್ಟು ಹಿತವಾಯಿತು. ಅಲ್ಲೇ ಕೂತು ಗರಿ ಕೆದರಿಕೊಂಡಳು.

ಅತ್ತ ಗೂಡಿನಲ್ಲಿ ಮೊಟ್ಟೆ ಬೆಳ್ಳಗೆ ಬಿದ್ದಿತ್ತು. ಬೇರಿನ ಸಂದಿನಿಂದ ಏಡಿ ಹೊರಬಂತು. ಅದರ ಹಿಂದೆ ಇನ್ನೊಂದು.

ಎದ್ದು ಓಡಿದೆ. ಕಾಲಿನಿಂದ ಎರಡನ್ನೂ ಒದ್ದೆ. ಅವಳು ನನ್ನ ಹಿಂದೆಯೇ ಬಂದಳು, ಮೊಟ್ಟೆಯನ್ನು ನೋಡಲೂ ಇಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಹಿಂದೆ ಸರಿದರೆ ಅವಳೂ ಸರಿಯುತ್ತಿದ್ದಳು, ನಿಂತರೆ ನಿಲ್ಲುತ್ತಿದ್ದಳು. ನಾನು ಅಲ್ಲಿರುವ ತನಕ ಅವಳು ಕೂರುವುದಿಲ್ಲ. ನಾನು ಹೋದರೆ ಏಡಿ ಬಿಡುವುದಿಲ್ಲ. ಎಣಿಸುವಾಕೆಯನ್ನು ಕೂಗಿ ಕರೆದೆ. ಅವಳು ಆಚೆ ಪೊದೆಯಿಂದ ಓಡಿ ಬಂದಳು. "ನೀವು ಮೊಟ್ಟೆ ಹತ್ರ ನಿಲ್ಲಿ, ನಾನು ಹೋಗ್ಬೇಕು," ಎಂದು ಹೇಳಿ ಬರಿಗಾಲಲ್ಲೇ ಓಡಿದೆ. ಹೆಡ್ಮಿಸ್ಸು ಬಟ್ಟೆಯ ಹಗ್ಗಗಳವರೆಗೂ ಬೆನ್ನು ಬಿಡಲಿಲ್ಲ. ನಾನು ಬಟ್ಟೆ ಒಗೆಯುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದು, ಆಮೇಲೆ ಗೂಡಿಗೆ ಹೋದಳಂತೆ. ಮೊಟ್ಟೆ ಉಳಿಯಿತು.

ಅರ್ಧ ಗಂಟೆಯ ನಂತರ ಎಣಿಸುವಾಕೆ ಬಂದಳು. ನನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು.

"ಅದು ನಿಮ್ಮ ಹಿಂದೆ ಯಾಕೆ ಬಂತು?"

"ನಾನು ಬ್ರೆಡ್ ಹಾಕ್ತಿದ್ದೆ. ನನ್ನ ಮೈದುನ ಅಲ್ಲ. ಅವನಿಗೆ ಗೊತ್ತೂ ಇರ್ಲಿಲ್ಲ."

ಅವಳು ಬೈಯುತ್ತಾಳೆಂದು ಕಾದೆ. ಪುಸ್ತಕ ತೆಗೆದಳು. "ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ವಾರಕ್ಕೆ ಎಷ್ಟು ಸಲ?"

"ದಿನಾ."

"ಕಳೆದ ಎಣಿಕೆಯಲ್ಲಿ ಈ ಬದಿಗೆ ಹನ್ನೊಂದು ಮರಿ ಅಂತ ಇದೆ."

"ಅದು ನಾನು ಬಾಯಿಗೆ ಬಂದಿದ್ದು ಹೇಳಿದ್ದು. ನಾನು ಎಣಿಸಿರ್ಲಿಲ್ಲ. ಆ ವರ್ಷ ಒಂದು ಮರಿನೂ ಕಂಡ ನೆನಪಿಲ್ಲ."

ಅವಳು ಪುಸ್ತಕದಲ್ಲಿದ್ದ ಹನ್ನೊಂದರ ಮೇಲೆ ಗೆರೆ ಎಳೆದಳು. ಆಮೇಲೆ ಅದನ್ನೂ ಬರೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚ್ 25, ಬುಧವಾರ

ಮ್ಯಾನೇಜರಿಗೆ ನಾನೇ ಹೋಗಿ ಹೇಳಿದೆ. ಅವರಿಗೆ ಹಕ್ಕಿಗಿಂತ ಕಿರುಹೊತ್ತಿಗೆಯದೇ ಚಿಂತೆ, ಮುಖಪುಟ ಆಗಲೇ ಅಚ್ಚಿಗೆ ಹೋಗಿದೆಯಂತೆ. ಬಾಯಿಗೆ ಬಂದದ್ದೆಲ್ಲ ಅಂದರು. ಮೈದುನನ ಬದಲು ನಾನು ಇಪ್ಪತ್ತೆಂಟಕ್ಕೆ ಹೊರಡಬೇಕೆಂದರು. ಸರಿ ಎಂದೆ.

ಎಣಿಸುವಾಕೆ ಒಪ್ಪಲಿಲ್ಲ. "ಇವರು ಹೋದ್ರೆ ಹಕ್ಕಿಗಳು ಮರೆಯಲ್ಲ. ನಾಳೆ ಯಾವ ಅತಿಥಿ ಪೊಟ್ಟಣ ಬಿಚ್ಚಿದ್ರೂ ಗೂಡು ಬಿಟ್ಟು ಬರ್ತವೆ. ಕಲಿಸಿದವರೇ ಮರೆಸ್ಬೇಕು. ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಹೋಗಿ, ಹತ್ತಿರ ಬಂದಾಗ ಹೆದರಿಸಿ ಓಡಿಸ್ಬೇಕು. ಮನುಷ್ಯರನ್ನ ಕಂಡ್ರೆ ಅವಕ್ಕೆ ಭಯ ಹುಟ್ಟೋ ತನಕ ಇವರು ಇಲ್ಲೇ ಇರ್ಲಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕಷ್ಟ ಆಗುತ್ತೆ ನಿಮಗೆ," ಎಂದಳು.

ಅಲ್ಲಿಂದ ಮೈದುನನ ಮನೆಗೆ ಹೋದೆ. ಕಟ್ಟಿದ್ದ ಪೆಟ್ಟಿಗೆಗಳನ್ನು ಓರಗಿತ್ತಿ ಬಿಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋದಳು. ಮೈದುನ ಮಾತ್ರ ಕುರ್ಚಿ ಎಳೆದು ಹಾಕಿದ. ನಾನು ಕೂರಲಿಲ್ಲ. ತಪ್ಪಾಯಿತು ಎಂದೆ.

"ಅಣ್ಣನ ಹೆಂಡತಿನ ಅಷ್ಟು ಜನರ ಮುಂದೆ ಬೆರಳು ಮಾಡಿ ತೋರಿಸೋಕೆ ನನ್ನ ಕೈಲಿ ಆಗ್ಲಿಲ್ಲ. ನೀವೇ ಎದ್ದು ಹೇಳ್ತೀರಿ ಅಂದ್ಕೊಂಡೆ. ಅಲ್ಲಿವರೆಗೆ ಏನೋ ಒಂದು ಹೇಳ್ಬೇಕಿತ್ತಲ್ಲ, ಹೇಳ್ದೆ. ಅರ್ಧ ನಿಮಿಷಕ್ಕೆ ಅಂತ ಹೇಳಿದ ಸುಳ್ಳು ಅತ್ತಿಗೆ ಅದು. ಹದಿಮೂರು ದಿನ ಹೊತ್ಕೊಂಡಿದ್ದೆ."

ಅವನು ಕೂಗಾಡಲಿಲ್ಲ. ಆ ಹದಿಮೂರು ದಿನವನ್ನು ಅವನು ಕಳೆದದ್ದು ಕೆಲಸ ಹೋಗುವ ಭಯದಲ್ಲಿ ಅಲ್ಲ. ನಾನು ಎಂಥವಳು ಎಂದು ನೋಡುತ್ತಾ ಇದ್ದ. ನೋಡಿಯೂ ಆಯಿತು.

ಮಾರ್ಚ್ 28, ಶನಿವಾರ

ಸಾಮಾನಿನ ಹಡಗು ಬಂದು ಹೋಯಿತು. ಮೈದುನ ಬೇಕರಿಗೆ ಮರಳಿದ್ದಾನೆ. ಮಧ್ಯಾಹ್ನದಿಂದಲೇ ಗಾಳಿಯಲ್ಲಿ ಪರಿಮಳ. ನಡಿಗೆ ರದ್ದಾಗಿದೆ, ನನ್ನನ್ನು ಟವೆಲ್ ಕೌಂಟರಿಗೆ ಹಾಕಿದ್ದಾರೆ. ಮಣಿಕಟ್ಟಿನ ಪಟ್ಟಿ ನೋಡಿ ಟವೆಲ್ ಕೊಡಬೇಕು, ಒದ್ದೆ ಟವೆಲ್ ವಾಪಸು ತೆಗೆದುಕೊಳ್ಳಬೇಕು. ಕೆಲಸ ಸರಿಯಾಗಿಯೇ ಇದೆ.

ನಾಳೆಯಿಂದ ಹಕ್ಕಿಗಳನ್ನು ಹೆದರಿಸಬೇಕು. ಜೋರಾಗಿ ಸದ್ದು ಮಾಡುವಂಥದ್ದು ಬೇಕು ಎಂದಳು ಎಣಿಸುವಾಕೆ. ಬೇಕರಿಯ ಹಿಂಬಾಗಿಲಿಗೆ ಹೋಗಿ ಹಳೆಯ ತಗಡಿನ ತಟ್ಟೆ ಇದ್ದರೆ ಕೊಡು ಎಂದೆ. ಮೈದುನ ಒಳಗಿನಿಂದ ಒಂದು ತಂದು ಹೊಸ್ತಿಲ ಮೇಲೆ ಇಟ್ಟ. ಹಾಗೇ ಒಳಗೆ ಹೋದ.

ಮಾರ್ಚ್ 29, ಭಾನುವಾರ

ಎಂಟು ಗಂಟೆಗೆ ಹೋದೆ. ಹೆಡ್ಮಿಸ್ಸಿನ ಗೂಡಿನ ಕಡೆಗೆ ಹೋಗಬಾರದು, ಅಲ್ಲಿ ಮೊಟ್ಟೆ ಒಡೆಯುವ ತನಕ ನನ್ನ ನೆರಳೂ ಬೀಳಬಾರದು ಎಂದು ಕಟ್ಟಪ್ಪಣೆ. ಉಳಿದ ದಾರಿಯಲ್ಲಿ ಏಳು ಹಕ್ಕಿ ಬಂದವು. ತಟ್ಟೆ ಬಡಿದೆ. ಚೆದುರಿದವು. ಒಂದು ನಿಮಿಷದಲ್ಲಿ ಮತ್ತೆ ಬಂದವು. ನಾನು ಏನೋ ತಪ್ಪಿ ಬಡಿದಿರಬೇಕೆಂದು ಅವು ತಿಳಿದುಕೊಂಡವು ಅನ್ನಿಸುತ್ತದೆ. ಮತ್ತೆ ಬಡಿದೆ, ಅರಚಿದೆ, ಮರಳು ಎರಚಿದೆ. ಟೆನಿಸ್ ಆಡುತ್ತಿದ್ದ ಅತಿಥಿಗಳಿಬ್ಬರು ಆಟ ಬಿಟ್ಟು ಬಂದು, ಹಕ್ಕಿಗಳಿಗೆ ಯಾಕೆ ಹಿಂಸೆ ಕೊಡ್ತೀರಿ, ನಾಚಿಕೆ ಆಗಲ್ವಾ ಎಂದು ಗದರಿದರು. ಆಗುತ್ತೆ ಎಂದೆ.

ಏಪ್ರಿಲ್ 6, ಸೋಮವಾರ

ಏಳರಲ್ಲಿ ನಾಲ್ಕು ಬರುವುದನ್ನು ಬಿಟ್ಟಿವೆ. ಎಣಿಸುವಾಕೆ ಒಳ್ಳೆಯ ಪ್ರಗತಿ ಎಂದಳು. ಒಂದು ಗಂಡು ಮಾತ್ರ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತದೆ. ಅದರ ಕಡೆಗೂ ತಟ್ಟೆ ಎತ್ತುತ್ತೇನೆ.

ಏಪ್ರಿಲ್ 16, ಗುರುವಾರ

ಮೊಟ್ಟೆ ಒಡೆದಿದೆ. ದ್ವೀಪದವರೆಲ್ಲ ಸರದಿಯಲ್ಲಿ ಹೋಗಿ ಮರೆಯ ಹಿಂದಿನಿಂದ ನೋಡಿ ಬಂದರು, ನನ್ನೊಬ್ಬಳನ್ನು ಬಿಟ್ಟು. ಓರಗಿತ್ತಿ ಒದ್ದೆ ಟವೆಲ್ ಎಣಿಸಿಕೊಳ್ಳಲು ಬಂದವಳು ನನ್ನ ಮುಖ ನೋಡದೆ ಹೇಳಿದಳು. "ಕಪ್ಪಗಿದೆ. ಮಸಿ ಬಟ್ಟೆ ಉಂಡೆ ಮಾಡಿಟ್ಟ ಹಾಗೆ. ಕಾಲು ಮಾತ್ರ ಇಷ್ಟುದ್ದ. ನಿಮ್ಮ ಮೈದುನನ ಹಾಗೇ, ನಡೆಯೋಕೆ ಹೋಗಿ ಮುಗ್ಗರಿಸುತ್ತೆ." ಒಟ್ಟು ಎಷ್ಟು ಟವೆಲ್ ಎಂದು ಕೇಳಿದಳು. ನಾನು ಎರಡು ಸಲ ತಪ್ಪು ಹೇಳಿದೆ.

ಏಪ್ರಿಲ್ 21, ಮಂಗಳವಾರ

ಬೆಳಗ್ಗೆ ಎಣಿಸುವಾಕೆ ಬಂದು, ಮರಿ ನಡೆಯುತ್ತಿದೆ, ತಾಯಿ ಅದನ್ನು ದಾರಿಗೆ ಕರೆತರಲು ಶುರುಮಾಡಿದೆ, ಇನ್ನು ಹೆಡ್ಮಿಸ್ಸಿಗೂ ಮರೆಸಬೇಕು ಎಂದಳು. ಮರಿ ಇದನ್ನು ಕಲಿತರೆ ಮುಂದಿನ ವರ್ಷ ಅದರ ಮೊಟ್ಟೆಯೂ ಏಡಿಗೇ. ಅದು ನನಗೂ ಗೊತ್ತಿತ್ತು.

ತಟ್ಟೆ ಹಿಡಿದು ಬೇಕರಿಯ ಹಿಂದಿನ ತಿರುವಿನಲ್ಲಿ ನಿಂತೆ. ಎಂಟಾಗುತ್ತಿದ್ದ ಹಾಗೆ ಪೊದೆ ಅಲುಗಿತು. ನಾಲ್ಕು ವಾರದಿಂದ ನಾನು ಅವಳನ್ನು ನೋಡಿರಲಿಲ್ಲ. ತೆಳ್ಳಗಾಗಿದ್ದಳು. ನನ್ನನ್ನು ಕಂಡು ನಿಂತಳು, ಹಿಂದೆ ತಿರುಗಿ ಸಣ್ಣಗೆ ಕರೆದಳು. ಮರಿ ಮುಗ್ಗರಿಸುತ್ತಾ ಹೊರಗೆ ಬಂತು. ಊಟ ಸಿಕ್ಕಾಗ ಮರಿಗಳನ್ನು ಕರೆಯುವ ದನಿ ಅದು. ಅವಳು ಮರಿಯನ್ನು ಮುಂದೆ ಬಿಟ್ಟುಕೊಂಡು ನೇರ ನನ್ನ ಹತ್ತಿರ ಬಂದಳು.

ಬಡಿದೆ. ಮರಿ ಉರುಳಿ ಬಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನನ್ನ ಮುಖ ನೋಡಿದಳು, ಮತ್ತೆ ಬಂದಳು. ಮತ್ತೆ ಬಡಿದೆ. ಹೋಗು, ಸಾಯಿ, ಬರಬೇಡ ಎಂದು ಅರಚಿದೆ. ಮರಳು ತೆಗೆದು ಅವಳ ಮೇಲೆ ಎಸೆದೆ, ಕಣ್ಣಿಗೂ ಬಿತ್ತೇನೋ. ಆಗ ಅವಳು ಮರಿಯ ಮುಂದೆ ಬಂದು ನಿಂತು, ಹಾರಲಾರದ ಆ ಎರಡು ರೆಕ್ಕೆಗಳನ್ನು ಅಗಲಿಸಿದಳು. ಏಡಿಯ ಎದುರು ನಿಲ್ಲುವ ಹಾಗೆ ನನ್ನ ಎದುರು ನಿಂತಳು. ನಾನು ಇನ್ನೊಮ್ಮೆ ತಟ್ಟೆ ಎತ್ತಿದೆ. ಅವಳು ಮರಿಯನ್ನು ತಳ್ಳಿಕೊಂಡು ಪೊದೆಯೊಳಗೆ ಓಡಿದಳು.

ಆಮೇಲೂ ನಾನು ಬಡಿಯುತ್ತಲೇ ಇದ್ದೆನಂತೆ. ನನಗೆ ಗೊತ್ತಾಗಲಿಲ್ಲ. ಅಳುತ್ತಿದ್ದದ್ದರಿಂದ ಎದುರಿಗೆ ಏನೂ ಕಾಣುತ್ತಿರಲಿಲ್ಲ. ಯಾರೋ ನನ್ನ ಕೈಯಿಂದ ತಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡರು. ಮೈದುನ, ಮೈಯೆಲ್ಲ ಹಿಟ್ಟು.

"ಹೋಯ್ತು ಅತ್ತಿಗೆ, ಆಗ್ಲೇ ಹೋಯ್ತು," ಎಂದ. ತಟ್ಟೆಯನ್ನು ತಿರುಗಿಸಿ ನೋಡಿದ. "ಇದು ಪೂರ್ತಿ ನೆಗ್ಗಿ ಹೋಗಿದೆ. ನಾಳೆಗೆ ಬೇರೆ ಇಟ್ಟಿರ್ತೀನಿ."